ನದಿಗೆ ತೋರಿಸದ ಕೂಸು

೧೯೬೩ ನವೆಂಬರ್ ೨೨, ಶುಕ್ರವಾರ

ಮೊದಲ ಪುಟದ ಅಕ್ಷರ ಅಂದವಾಗಿರಬೇಕು ಎಂದು ಮಕ್ಕಳ ಬೆರಳಿಗೆ ಬಾರಿಸುವವನು ನಾನೇ. ಆದ್ದರಿಂದ ನಿಧಾನವಾಗಿ ಬರೆಯುತ್ತಿದ್ದೇನೆ.

ಈ ನೋಟುಪುಸ್ತಕ ಕೊಟ್ಟವನು ಸಾಮಿಲ್, ನನ್ನ ಹೆಂಡತಿ ನಬ್ರಾಳ ತಮ್ಮ. ಅಸ್ವಾನಿನಲ್ಲಿ ಕಟ್ಟುತ್ತಿರುವ ದೊಡ್ಡ ಅಣೆಕಟ್ಟಿನಲ್ಲಿ ಸುರಂಗ ಕೊರೆಯುವ ತಂಡದಲ್ಲಿದ್ದಾನೆ. ನಿನ್ನೆ ಅಂಚೆ ದೋಣಿಯಲ್ಲಿ ಬಂದವನು, ಅಣೆಕಟ್ಟಿನ ನೀರಿಗೆ ಊರು ಮುಳುಗುವ ಮೊದಲು ನಡೆದದ್ದನ್ನೆಲ್ಲ ಬರೆದಿಡು ಭಾವ ಎಂದ. ಬರೆದು ಯಾರಿಗೆ ತೋರಿಸಲಿ ಎಂದೆ. ಯಾರಿಗೂ ತೋರಿಸಬೇಡ, ಸುಮ್ಮನೆ ಬರೆ ಎಂದ. ಅದು ನನಗೆ ಹಿಡಿಸಿತು.

ಊರಿನಲ್ಲಿ ಅಳದಿರುವವನು ನಾನೊಬ್ಬನೇ ಇರಬೇಕು. ಗಂಡಸರಲ್ಲಿ ಮುಕ್ಕಾಲು ಪಾಲು ಕೈರೋದಲ್ಲಿ ಅಡುಗೆಯವರು, ಕಾವಲುಗಾರರು. ಅವರು ಅಲ್ಲಿಂದ ಕಾಗದದಲ್ಲಿ ಅಳುತ್ತಾರೆ. ಹೆಂಗಸರು ಇಲ್ಲಿ ಒಲೆಯ ಮುಂದೆ ಅಳುತ್ತಾರೆ. ನಾನು ಮೇಷ್ಟ್ರು, ಸೀಮೆಎಣ್ಣೆ ದೀಪದಲ್ಲಿ ಓದಿ ಕಣ್ಣು ಕೆಡಿಸಿಕೊಂಡವನು. ನದಿ ಹರಿದು ಹೋಗುವ ಕಡೆಗೆ, ಅಣೆಕಟ್ಟಿನಿಂದಾಚೆ ಕೋಮ್ ಓಂಬೋದಲ್ಲಿ, ನಮಗೆ ಹೊಸ ಊರು ಕಟ್ಟಿದ್ದಾರೆ. ಆಸ್ಪತ್ರೆ, ಶಾಲೆ, ವಿದ್ಯುತ್ ದೀಪ ಎಲ್ಲ ನಕ್ಷೆಯಲ್ಲಿದೆ. ನಬ್ರಾಳಿಗೆ ಈಗ ಆರು ತಿಂಗಳು. ಹಿಂದೆ ಎರಡು ಸಲ ಬಸಿರು ನಿಲ್ಲಲಿಲ್ಲ. ಈ ಸಲ ಡಾಕ್ಟರು ಇರುವ ಊರಿನಲ್ಲಿ ಹೆರಿಗೆಯಾಗಿ ಕೂಸು ಉಳಿಯಲಿ ಎಂಬುದಷ್ಟೇ ನನ್ನ ಆಸೆ. ಅದಕ್ಕೆ ಊರನ್ನೇ ಕೊಡಬೇಕಾದರೂ ಕೊಡುತ್ತೇನೆ.

ನವೆಂಬರ್ ೨೭, ಬುಧವಾರ

ಇಂದಿನ ಪಾಠ ನನಗೇ ಖುಷಿ ಕೊಟ್ಟಿತು. ಖರ್ಜೂರದ ಗರಿಯ ದಿಂಡಿನಿಂದ ಒಂದು ಚಕ್ರ ಮಾಡಿ, ಅದಕ್ಕಿಂತ ಎತ್ತರದಲ್ಲಿ ತೂತಿನ ಗಡಿಗೆ ಕಟ್ಟಿದ್ದೆ. ತೂತಿಗಿಟ್ಟ ಬೆಣೆ ತೆಗೆದ ಕೂಡಲೇ ನೀರು ಬಿದ್ದು ಚಕ್ರ ಗಿರ್ರನೆ ತಿರುಗಿತು. ನಮ್ಮ ಹೊಲದ ರಾಟೆಯಲ್ಲಿ ಎತ್ತು ಸುತ್ತುತ್ತದೆ, ನೀರು ಮೇಲೇರುತ್ತದೆ. ಅಣೆಕಟ್ಟಿನಲ್ಲಿ ಅದೇ ಕೆಲಸ ತಿರುವುಮುರುವು, ನೀರು ಬೀಳುತ್ತದೆ, ಚಕ್ರ ಸುತ್ತುತ್ತದೆ ಎಂದೆ. ಚಕ್ರದ ದಿಂಡಿಗೆ ಅಯಸ್ಕಾಂತ, ಅದರ ಸುತ್ತ ತಾಮ್ರದ ತಂತಿಯ ಸುರುಳಿ. ಅಯಸ್ಕಾಂತ ತಿರುಗಿದಂತೆಲ್ಲ ತಂತಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಗಡಿಗೆ ಎತ್ತರದಲ್ಲಿದ್ದಷ್ಟೂ ಚಕ್ರ ಜೋರು. ಅದಕ್ಕೇ ನದಿಯನ್ನು ಬೆಟ್ಟದೆತ್ತರಕ್ಕೆ ಕಟ್ಟಿ ನಿಲ್ಲಿಸುವುದು. ನಿಂತ ನೀರು ಸುಮ್ಮನಿದ್ದಂತೆ ಕಂಡರೂ ಅದರೊಳಗೆ ಬಲ ಕೂಡಿರುತ್ತದೆ ಎಂದು ಎಲ್ಲರಿಂದಲೂ ಬರೆಸಿದೆ.

ಸಂಜೆ ಅಜ್ಜಿಗೂ ಇದನ್ನೇ ಹೇಳಿದೆ. ಶಾಯಾ ಅಜ್ಜಿ ನನ್ನ ತಂದೆಯ ತಾಯಿ. ತಾಯಿಯಿಲ್ಲದ ನನ್ನನ್ನು ಸಾಕಿದವಳು. ಕಾವಲಿಯ ಮೇಲೆ ತೆಳುರೊಟ್ಟಿ ಹುಯ್ಯುತ್ತ ಕೇಳಿಸಿಕೊಂಡಳು. ಕಲ್ಲಿದ್ದಲು ಉರಿದರೆ ಬೂದಿ, ಎಣ್ಣೆ ತೆಗೆದಷ್ಟೂ ಬಾವಿ ಬರಿದು, ಆದರೆ ನದಿ ಹಾಗಲ್ಲ, ಎಲ್ಲೋ ಬೆಟ್ಟದಲ್ಲಿ ಮಳೆ ಬೀಳುತ್ತಿರುವ ತನಕ ಪ್ರತಿ ಬೇಸಿಗೆಯೂ ತುಂಬಿ ಬರುತ್ತದೆ, ಎಷ್ಟು ಬಳಸಿದರೂ ಮುಗಿಯುವುದಿಲ್ಲ ಎಂದೆ.

"ನದಿ ಮುಗಿಯಾಕಿಲ್ಲ ಅಂತೀಯ. ನಾವು ಮುಗೀತೀವಲ್ಲೋ ಮಗಾ," ಎಂದಳು ಅಜ್ಜಿ.

ಮಕ್ಕಳಿಗೆ ಪಾಠ ಹೇಳಿದಷ್ಟು ಸುಲಭವಲ್ಲ ಇವಳಿಗೆ ಹೇಳುವುದು. ನಬ್ರಾ ಮುಸಿಮುಸಿ ನಗುತ್ತಿದ್ದಳು.

ಡಿಸೆಂಬರ್ ೬, ಶುಕ್ರವಾರ

ದೋಣಿಗಳ ಪಟ್ಟಿ ಬಂತು. ಮೊದಲ ದೋಣಿ ಜನವರಿ ಎಂಟಕ್ಕೆ, ಕೊನೆಯದು ಮಾರ್ಚ್ ಕೊನೆಗೆ. ನಮ್ಮ ಹೆಸರು ಕೊನೆಯದರಲ್ಲಿದೆ. ಅಂದರೆ ಹೆರಿಗೆ ಇಲ್ಲೇ, ಸೂಲಗಿತ್ತಿಯ ಕೈಯಲ್ಲಿ. ಹಿಂದಿನ ಎರಡು ಸಲವೂ ಅವಳೇ ಇದ್ದದ್ದು.

ನಬ್ರಾ ಪಟ್ಟಿ ನೋಡಿ ಉಸಿರು ಬಿಟ್ಟಳು. ಸದ್ಯ, ಏಳನೆಯ ದಿನಕ್ಕೆ ನದಿಗೆ ತೋರಿಸಿಯೇ ಹೊರಡಬಹುದು ಎಂದಳು. ನಮ್ಮಲ್ಲಿ ಹುಟ್ಟಿದ ಕೂಸನ್ನು ಏಳನೆಯ ದಿನ ನದಿಗೆ ಒಯ್ಯುತ್ತಾರೆ. ಏಳು ತುತ್ತು ರೊಟ್ಟಿಯನ್ನು ನೀರಿಗೆ ಬಿಟ್ಟು, ಕೂಸಿನ ಮುಖ ತೊಳೆದು, ಬೆರಳಲ್ಲಿ ಅದ್ದಿ ಏಳು ತೊಟ್ಟು ಬಾಯಿಗೆ ಹಾಕುತ್ತಾರೆ. ನದಿಯೊಳಗಿನ ಜನ ಆ ಮುಖವನ್ನು ಗುರುತಿಟ್ಟುಕೊಂಡು ಕಾಯುತ್ತಾರೆ ಎಂಬ ನಂಬಿಕೆ. ನನಗೂ ಮಾಡಿದ್ದರಂತೆ. ನದಿಯ ಜನ ನನ್ನನ್ನೇನೂ ಅಷ್ಟಾಗಿ ಕಾದಂತೆ ಕಾಣಲಿಲ್ಲ. ಓದಿದ್ದೆಲ್ಲ ನಾನೇ ಕೂತು ಓದಬೇಕಾಯಿತು.

ಮೊದಲ ದೋಣಿಗೇ ಹೆಸರು ಬದಲಿಸಿಕೊಳ್ಳೋಣ ಎಂದೆ. ನಬ್ರಾ ಪಟ್ಟಿ ಮಡಚಿಟ್ಟಳು. ಎರಡು ಸಲ ಆದದ್ದನ್ನು ನೆನಪಿಸಿದೆ. ನೆನಪಿಸಬಾರದಿತ್ತು. ಅವಳು ಎದ್ದು ಹೋದಳು.

ಡಿಸೆಂಬರ್ ೧೦

ಹೆಸರು ಬದಲಾಯಿತು. ಅಧಿಕಾರಿ ನನ್ನ ಕೈ ಕುಲುಕಿ, ಇಂಥ ಓದಿದವರು ಊರಿಗೆ ಹತ್ತು ಜನ ಬೇಕು ಎಂದರು. ಮನೆಗೆ ಬಂದು ಆ ಮಾತನ್ನು ಹೇಳಿದೆ. ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ.

ಕೊನೆಗೆ ನಬ್ರಾ, "ನೀವು ಓದಿದೋರು. ನೀವು ಹೇಳಿದ ಮೇಲೆ ಸರಿ ಇರುತ್ತೆ ಬಿಡಿ," ಎಂದಳು. ಅದರಲ್ಲಿ ಕೊಂಕಿರಲಿಲ್ಲ. ಅವಳು ನಿಜವಾಗಿ ಹಾಗೆಯೇ ನಂಬುವವಳು.

೧೯೬೪ ಜನವರಿ ೭

ನಾಳೆ ಬೆಳಿಗ್ಗೆ ದೋಣಿ. ಇಂದು ಅಜ್ಜಿ ಗೋಡೆಗೆ ಸುಣ್ಣ ಹೊಡೆಯುತ್ತ ಕೂತಳು. ಕೆಲವೇ ತಿಂಗಳಲ್ಲಿ ನೀರಿನಡಿ ಹೋಗುವ ಗೋಡೆ! ನನಗೆ ಸಿಟ್ಟು ಬಂತು. ಆಮೇಲೆ ನೋಡಿದರೆ ಬೀದಿಯುದ್ದಕ್ಕೂ ಹೆಂಗಸರೆಲ್ಲ ಅದನ್ನೇ ಮಾಡುತ್ತಿದ್ದರು. ಬಾಗಿಲ ಮೇಲಿನ ಮೊಸಳೆಯ ಚಿತ್ರಕ್ಕೆ ಒಬ್ಬಳು ಹೊಸ ಬಣ್ಣ ಬಳಿಯುತ್ತಿದ್ದಳು. ಯಾರ ಮನೆಯೋ ಮದುವೆಯೆಂದುಕೊಳ್ಳಬೇಕು, ಅಷ್ಟು ಸಡಗರ, ಆದರೆ ಯಾರ ಬಾಯಲ್ಲೂ ಹಾಡಿಲ್ಲ.

ಮಧ್ಯಾಹ್ನ ಗೋರಿಗಳ ಹತ್ತಿರ ಹೋದೆವು. ತಾತನ ಗೋರಿಯ ಮೇಲೆ ಸತ್ತವರಿಗೆಂದು ಇಡುವ ಬಟ್ಟಲಿಗೆ ಅಜ್ಜಿ ನೀರು ತುಂಬಿದಳು. ನಾನು ಅಲ್ಲಿ ಸತ್ತರೆ ಇಲ್ಲಿಗೇ ತಂದು ಇವರ ಪಕ್ಕ ಮಲಗಿಸಬೇಕು, ಆಣೆ ಮಾಡು ಎಂದಳು. ಈ ಗುಡ್ಡವೇ ಮುಳುಗುತ್ತದೆ ಎಂದು ಹೇಗೆ ಹೇಳಲಿ. ಆಯಿತು ಎಂದೆ.

"ಬಾಯಿ ಮಾತಲ್ಲ ಖೈರಿ. ಗುರುತು ಪರಿಚಯ ಇಲ್ಲದ ಮಣ್ಣಾಗೆ ನನ್ನ ಹಾಕಬ್ಯಾಡ."

ಮತ್ತೊಮ್ಮೆ ಆಯಿತು ಎಂದೆ.

ಜನವರಿ ೯, ದೋಣಿಯಲ್ಲಿ

ನಾಯಿಗಳನ್ನು ಹತ್ತಿಸಲು ಬಿಡಲಿಲ್ಲ. ದಡದಲ್ಲಿ ನಮ್ಮ ಜೊತೆಗೇ ಬಹಳ ದೂರ ಓಡಿ ಬಂದವು. ಬಂಡೆಗಳು ಅಡ್ಡ ಬಂದ ಕಡೆ ನಿಂತವು. ನಬ್ರಾ ದೋಣಿಯ ಕಟಾಂಜನ ಹಿಡಿದು ನಿಂತವಳು ಕತ್ತಲಾಗುವ ತನಕ ಕೂರಲಿಲ್ಲ. ಅವಳ ಕಾಲು ಊದಿದೆ. ಇಲ್ಲಿ ಒಬ್ಬ ನರ್ಸು ಇದ್ದಾಳೆ, ನೋಡಿ ಏನೂ ತೊಂದರೆಯಿಲ್ಲ ಎಂದಳು. ನಾನು ಸರಿಯಾದುದನ್ನೇ ಮಾಡಿದ್ದೇನೆ.

ಜನವರಿ ೧೭

ಹೊಸ ಊರು. ಬರೆಯಲು ಕೂತು ಮೂರು ಸಲ ಎದ್ದೆ.

ಮನೆಗಳು ಸಾಲಾಗಿ, ಒಂದಕ್ಕೊಂದು ಬೆನ್ನು ತಾಗಿಸಿ ನಿಂತಿವೆ. ಮನೆಯಲ್ಲೆಷ್ಟು ಜನ ಎಂದು ನೋಡಿ ಹಂಚಿದ್ದಾರೆ. ಸಣ್ಣ ಸಂಸಾರಗಳೆಲ್ಲ ಒಂದು ಕಡೆ, ದೊಡ್ಡವು ಮತ್ತೊಂದು ಕಡೆ. ಹೀಗಾಗಿ ನಲವತ್ತು ವರ್ಷ ಎದುರು ಬಾಗಿಲಲ್ಲಿದ್ದ ಗೆಳತಿ ಈಗ ಅಜ್ಜಿಗೆ ಅರ್ಧ ಗಂಟೆಯ ದಾರಿ. ಅಂಗಳವಿಲ್ಲ. ನಮ್ಮ ಮನೆಯ ಹಿಂದಿನ ಕೋಣೆಗೆ ಇನ್ನೂ ಚಾವಣಿ ಬಿದ್ದಿಲ್ಲ. ಆಸ್ಪತ್ರೆ ಇದೆ, ಅದರಲ್ಲಿ ಡಾಕ್ಟರರೂ ಇದ್ದಾರೆ, ಅದನ್ನು ಒಪ್ಪಿಕೊಳ್ಳಬೇಕು. ದೀಪದ ಕಂಬ ಒಂದೂ ಇಲ್ಲ. ಕೇಳಿದ್ದಕ್ಕೆ, ಅಣೆಕಟ್ಟು ಮುಗಿದ ಮೇಲೂ ವಿದ್ಯುತ್ತು ಮೊದಲು ಕಾರ್ಖಾನೆಗಳಿಗೆ, ಆಮೇಲೆ ನಿಮಗೆ ಎಂದರು. ನ್ಯಾಯವೇ, ದೇಶ ದೊಡ್ಡದು. ಸದ್ಯಕ್ಕೆ ಸೀಮೆಎಣ್ಣೆ.

ನದಿ ಏಳು ಕಿಲೋಮೀಟರು ದೂರ. ಸುತ್ತ ಕಬ್ಬಿನ ಗದ್ದೆ, ಗದ್ದೆಯಾಚೆ ಒಂದು ಕಾಲುವೆ.

ನಿನ್ನೆಯಿಂದ ರಂಜಾನ್. ಸಂಜೆ ಉಪವಾಸ ಬಿಡುವ ಹೊತ್ತಿಗೆ ಬೀದಿ ನಲ್ಲಿಯ ಮುಂದೆ ನೂರು ಗಡಿಗೆ. ನದಿಯದು ಬಿಟ್ಟು ಎಂದೂ ಬೇರೆ ಒಂದು ಗುಟುಕು ನೀರು ಕುಡಿಯದ ಹೆಂಗಸರು ಸಾಲಿನಲ್ಲಿ ನಿಂತು ಜಗಳವಾಡಿದರು. ಅಜ್ಜಿ ಎರಡು ಗುಟುಕು ಕುಡಿದು, ಇದಕ್ಕೆ ಕಬ್ಬಿಣದ ವಾಸನೆ ಎಂದು ಲೋಟ ಕೆಳಗಿಟ್ಟಳು.

ಫೆಬ್ರವರಿ ೧೯, ಬುಧವಾರ

ಹೆಣ್ಣು ಕೂಸು. ಬೆಳಿಗ್ಗೆ ಏಳು ಗಂಟೆಗೆ, ಆಸ್ಪತ್ರೆಯಲ್ಲಿ. ನಬ್ರಾ ಚೆನ್ನಾಗಿದ್ದಾಳೆ. ಕೂಸು ಮೂರು ಕಿಲೋ ತೂಗಿತು! ಗಂಟಲು ಎಂಥದೆಂದರೆ ಹೊರಗೆ ಕಟ್ಟೆಯ ಮೇಲೆ ಕೂತಿದ್ದ ನನಗೆ ಕೇಳಿತು. ನಾನು ಅತ್ತೆ. ಊರು ಬಿಡುವಾಗ ಅಳದವನು ಇವತ್ತು ಗೊಳೋ ಎಂದು ಅತ್ತೆ. ಅಜ್ಜಿ ಸೆರಗಿನಿಂದ ನನ್ನ ಮೂಗು ಒರೆಸಿ, ನಿನ್ನ ಡಾಕ್ಟರು ಗೆದ್ದ ಕಣ್ಲಾ ಎಂದಳು.

ಮಿಸ್ಕಾ ಎಂದು ಕರೆಯುತ್ತೇವೆ. ಹಣೆಯ ಮೇಲೆ ಬಲಗಡೆಗೆ ಒಂದು ಸಣ್ಣ ಕೂದಲ ಸುಳಿ ಇದೆ, ಅಜ್ಜಿಗೂ ಅಲ್ಲೇ ಇರುವುದು.

ಫೆಬ್ರವರಿ ೨೫, ಮಂಗಳವಾರ

ಏಳನೆಯ ದಿನ. ಬೆಳಿಗ್ಗೆಯಿಂದ ಚರ್ಚೆ. ನದಿಗೇ ಹೋಗಬೇಕು, ಏಳು ಕಿಲೋಮೀಟರು ನಡೆದರೂ ಸರಿ ಎಂದು ಅಜ್ಜಿ. ಸಕ್ಕರೆ ಕಾರ್ಖಾನೆಯ ಲಾರಿ ಸಿಕ್ಕೀತೇ ಎಂದು ಹೋಗಿ ವಿಚಾರಿಸಿದೆ, ಸಿಗಲಿಲ್ಲ. ನಬ್ರಾಳಿಗೆ ಇನ್ನೂ ರಕ್ತ ನಿಂತಿಲ್ಲ. ಆ ದೂಳಿನಲ್ಲಿ ಕತ್ತೆಯ ಮೇಲೆ ಕೂರಿಸಿ ಏಳು ಕಿಲೋಮೀಟರು ಒಯ್ಯಲು ನನಗೆ ಮನಸ್ಸು ಬರಲಿಲ್ಲ. ತೋರಿಸುವುದೇ ಬೇಡ ಎನ್ನುವುದಕ್ಕೂ ಮನಸ್ಸು ಬರಲಿಲ್ಲ. ಅವಳು ಮಿಸ್ಕಾಳಿಗೆ ಬಿಳಿ ಅಂಗಿ ತೊಡಿಸಿಕೊಂಡು ಬಾಗಿಲಲ್ಲೇ ಕೂತಿದ್ದಳು. ಹಾಗಾಗಿ ನಾನೇ ಒಂದು ದಾರಿ ಹುಡುಕಿದೆ. ಗದ್ದೆಯಾಚೆಯ ಕಾಲುವೆಗೆ ಹೋಗೋಣ, ಅಲ್ಲಿರುವುದೂ ನದಿಯ ನೀರೇ, ಮೇಲಿನ ತೂಬಿನಿಂದ ಬಂದದ್ದು ಎಂದೆ. ಹಲಗೆಯ ಮೇಲೆ ಬರೆಯುವಂತೆ ನೆಲದಲ್ಲಿ ಗೆರೆ ಎಳೆದು ತೋರಿಸಿದೆ.

ಅಜ್ಜಿ ಒಪ್ಪಲಿಲ್ಲ. ತೂಬು ಮುಚ್ಚೈತೆ, ವಾರದಿಂದ ಆ ನೀರು ಅಲ್ಲಾಡಿಲ್ಲ ಎಂದಳು.

"ಹರಿಯದ ನೀರಾಗೆ ನಮ್ಮ ನದಿ ಜನ ಇರಾಕಿಲ್ಲ. ಅದನ್ನ ಕೂಸಿನ ಬಾಯಿಗೆ ಹಾಕಬ್ಯಾಡ್ರೋ."

ನೀರು ನೀರೇ ಅಜ್ಜಿ, ನಿಂತ ಮಾತ್ರಕ್ಕೆ ಬೇರೆಯಾಗುತ್ತದೆಯೇ ಎಂದೆ. ನಬ್ರಾ ನನ್ನ ಮುಖ ನೋಡಿದಳು.

"ಅದೇ ನದೀನಾ?"

"ಅದೇ ನದಿ," ಎಂದೆ.

ಹೋದೆವು. ಅಜ್ಜಿಯೂ ಬಂದಳು, ಆದರೆ ದೂರ ನಿಂತಳು. ನಬ್ರಾ ಏಳು ತುತ್ತು ಬಿಟ್ಟಳು. ಅವು ಬಿದ್ದಲ್ಲೇ ತೇಲುತ್ತಿದ್ದವು. ಅವಳಿಗೆ ಬಗ್ಗಲಾಗದೆ ಕೂಸಿನ ಬಾಯಿಗೆ ಏಳು ತೊಟ್ಟು ನಾನೇ ಹಾಕಿದೆ. ಮಿಸ್ಕಾ ನನ್ನ ಬೆರಳನ್ನು ಚೀಪಿದಳು. ವಾಪಸು ಬರುವಾಗ ನಬ್ರಾ ಮೊದಲ ಸಲ ಈ ಊರಿನಲ್ಲಿ ಹಾಡು ಗುನುಗಿದಳು. ನಾನು ಈಚೆಗೆ ಮಾಡಿದ ಕೆಲಸಗಳಲ್ಲಿ ಇದೇ ಒಳ್ಳೆಯದು.

ಫೆಬ್ರವರಿ ೨೮

ಕೂಸಿಗೆ ಭೇದಿ. ಹಾಲು ಕಕ್ಕುತ್ತಿದ್ದಾಳೆ. ಇಲ್ಲಿ ಬಹಳ ಮಕ್ಕಳಿಗೆ ಹೀಗಾಗಿದೆಯಂತೆ.

ಮಾರ್ಚ್ ೧

ಆಸ್ಪತ್ರೆಯಲ್ಲಿ ಒಂದು ಮಂಚಕ್ಕೆ ಎರಡು ಕೂಸು. ಡಾಕ್ಟರು ಉತ್ತರದ ಕಡೆಯವರು, ಎರಡು ದಿನದಿಂದ ಮಲಗಿಲ್ಲದ ಮುಖ. ಮೊಲೆಹಾಲು ಬಿಟ್ಟು ಬೇರೇನಾದರೂ ಕೊಟ್ಟಿರಾ ಎಂದು ಕೇಳಿದರು. ನದಿಯ ನೀರು ಎಂದೆ. ಯಾವ ನದಿ, ಇಲ್ಲಿ ನದಿಯೆಲ್ಲಿದೆ ಎಂದರು. ಹೇಳಿದೆ.

"ಕಾಲುವೆ ನೀರಾ? ಏಳು ದಿನದ ಕೂಸಿಗೆ?" ಎಂದರು. ಕೂಸಿನ ಚೀಟಿಯಲ್ಲಿ ನನ್ನ ಹೆಸರು ನೋಡಿ, "ನೀವು ಮೇಷ್ಟ್ರು ಅಲ್ವಾ," ಎಂದರು.

ನಬ್ರಾ ಅಲ್ಲೇ ಇದ್ದಳು.

ಮಾರ್ಚ್ ೩

ಮಿಸ್ಕಾ ಹೋದಳು. ಬೆಳಿಗ್ಗೆ ಹತ್ತಕ್ಕೆ.

ಮಾರ್ಚ್ ೧೨

ಊರಿನ ಹೊರಗೆ ಮರಳು ದಿಬ್ಬವೊಂದನ್ನು ಗೋರಿಗೆ ಬಿಟ್ಟಿದ್ದಾರೆ. ಅದರ ಆ ಕಡೆ ಬೇರೆ ಊರಿನವರ ಗುಂಡಿಗಳಿವೆ. ಈ ಕಡೆ, ನಮ್ಮೂರಿನವರ ಪಾಲಿಗೆ ಬಂದ ಜಾಗದಲ್ಲಿ, ಮೊದಲ ಗುಂಡಿ ಮಿಸ್ಕಾಳದು. ನಾನೇ ಇಳಿಸಿದೆ. ಅಷ್ಟು ದೊಡ್ಡ ಜಾಗದಲ್ಲಿ ಅದೊಂದೇ ಸಣ್ಣ ಗುಡ್ಡೆ.

ಕಳೆದ ಹದಿನೈದು ದಿನಗಳಲ್ಲಿ ಇಲ್ಲಿ, ಬೇರೆ ಊರಿನವರದೂ ಸೇರಿ, ಹನ್ನೊಂದು ಕೂಸುಗಳು ಹೋಗಿವೆ, ನಮ್ಮೂರಿನದು ಮಿಸ್ಕಾ ಒಬ್ಬಳೇ. ಎಲ್ಲವಕ್ಕೂ ಕಾಲುವೆಯ ನೀರು ಹಾಕಿದ್ದರು ಎಂದಲ್ಲ. ಐದು ಮನೆಗೆ ಹೋಗಿ ಕೇಳಿ ಬಂದೆ. ಮೂವರು ಹಾಕೇ ಇಲ್ಲ ಎಂದರು. ಮನೆಗೆ ಬಂದು ಇದನ್ನು ನಬ್ರಾಳಿಗೆ ಹೇಳಿದೆ. ಸತ್ತ ಮಕ್ಕಳ ಮನೆಗೆ ಹೋಗಿ ಲೆಕ್ಕ ಕೇಳಿ ಬಂದವನು ನಾನು, ನನಗೆ ನಾಚಿಕೆಯಾಗುತ್ತಿದೆ. ಅವಳು ಎದೆಗೆ ಬಟ್ಟೆ ಬಿಗಿದು ಕಟ್ಟಿಕೊಂಡು ಕೂತಿದ್ದಳು, ಹಾಲು ಇನ್ನೂ ನಿಂತಿಲ್ಲ.

"ಅದೇ ನದಿ ಅಂದ್ರಿ," ಎಂದಳು. ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಏಪ್ರಿಲ್ ೩

ಕೊನೆಯ ದೋಣಿಯವರು ಬಂದರು. ಅವರಲ್ಲಿ ಒಬ್ಬಳು ಬಾಣಂತಿ. ಫೆಬ್ರವರಿಯಲ್ಲಿ ಊರಿನಲ್ಲೇ ಹೆತ್ತು, ನದಿಗೆ ತೋರಿಸಿ, ಅದೇ ಸೂಲಗಿತ್ತಿಯ ಕೈಯಿಂದ ಎರೆಸಿಕೊಂಡು ಬಂದಿದ್ದಾಳೆ. ಕೂಸು ಗುಂಡುಗುಂಡಾಗಿದೆ. ನಾನು ಬೀದಿ ಬದಲಿಸಿ ನಡೆದೆ.

ನಬ್ರಾ ನನ್ನ ಜೊತೆ ಮಾತನಾಡುವುದಿಲ್ಲ. ರೊಟ್ಟಿ ಬಡಿಸುತ್ತಾಳೆ, ಬಟ್ಟೆ ಒಗೆಯುತ್ತಾಳೆ, ಬೇಕಾದದ್ದನ್ನು ಅಜ್ಜಿಯ ಮೂಲಕ ಹೇಳಿಸುತ್ತಾಳೆ. ದಿನವೂ ಬೆಳಿಗ್ಗೆ ಬಟ್ಟಲು ಹಿಡಿದು ದಿಬ್ಬಕ್ಕೆ ಹೋಗುತ್ತಾಳೆ. ಗೋರಿಗೆ ನಲ್ಲಿಯ ನೀರು ಇಡುವುದಿಲ್ಲ. ಹಾಗಾದರೆ ಯಾವ ನೀರು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ವಾರಕ್ಕೊಮ್ಮೆ ಏಳು ಕಿಲೋಮೀಟರು ನಡೆದು ನದಿಯಿಂದ ಒಂದು ಗಡಿಗೆ ತರುತ್ತಾಳೆ ಎಂದು ಅಜ್ಜಿ ಹೇಳಿದಳು.

ಏಪ್ರಿಲ್ ೨೪, ಶುಕ್ರವಾರ

ಗಡಿಗೆ ನಾನು ಹೊರುತ್ತೇನೆ ಎಂದೆ. ನಬ್ರಾ ಕೊಡಲಿಲ್ಲ. ಹತ್ತು ಹೆಜ್ಜೆ ಹಿಂದೆ ನಡೆದು ಹೋಗಿ ಬಂದೆ. ನದಿ ನೋಡಿ ಮೂರು ತಿಂಗಳ ಮೇಲಾಗಿತ್ತು. ನೀರಿಗಿಳಿದು ಮುಖ ತೊಳೆದೆ. ಯಾರ ಹತ್ತಿರ ಎಂದು ಗೊತ್ತಿಲ್ಲ, ತಪ್ಪಾಯಿತು ಎಂದೆ.

ಮೇ ೧೪, ಗುರುವಾರ

ಇಂದು ನದಿಯ ಹಳೆಯ ದಾರಿ ಮುಚ್ಚಿ, ಅಣೆಕಟ್ಟಿನ ಪಕ್ಕ ಕಡಿದ ಹೊಸ ದಾರಿಗೆ ತಿರುಗಿಸಿದರು. ರೇಡಿಯೋದಲ್ಲಿ ಬೆಳಿಗ್ಗೆಯಿಂದ ಬ್ಯಾಂಡು. ಅಣೆಕಟ್ಟಿನಿಂದ ವಿದ್ಯುತ್ತು ಬರುವ ಬಗೆಯನ್ನು ಪ್ರತಿ ತರಗತಿಗೂ ವಿವರಿಸಬೇಕೆಂದು ಆದೇಶ ಬಂದಿತ್ತು. ಹಲಗೆಯ ಮೇಲೆ ಚಿತ್ರ ಬರೆದೆ: ಗೋಡೆ, ಕೊಳವೆ, ಚಕ್ರ, ಸುರುಳಿ. ಹಿಂದಿನಿಂದ ಒಬ್ಬಳು ಹುಡುಗಿ, ಗೋಡೆಯ ಹಿಂದೆ ನಮ್ಮ ಮನೆ ಎಲ್ಲಿ ಬರುತ್ತದೆ ಎಂದು ಕೇಳಿದಳು. ಚಿತ್ರದಲ್ಲಿ ಒಂದು ಚುಕ್ಕೆ ಇಟ್ಟೆ. ಮತ್ತೊಬ್ಬಳು ಅವಳ ಮನೆ ಕೇಳಿದಳು. ಆಮೇಲೆ ಎಲ್ಲರ ಮನೆ, ರಾಟೆ, ಮಸೀದಿ, ದೋಣಿ ಕಟ್ಟುವ ಬಂಡೆ, ಒಂದೊಂದನ್ನೂ ಹೆಸರು ಹೇಳಿ ಬರೆಯುತ್ತ ಹೋದೆ. ಗಂಟೆ ಹೊಡೆಯಿತು. ಚಕ್ರ ಹೇಗೆ ತಿರುಗುತ್ತದೆ ಎಂಬುದು ಹಾಗೇ ಉಳಿಯಿತು. ಇನ್ನೊಂದು ದಿನ ಹೇಳಿದರಾಯಿತು.

ಅಜ್ಜಿ ಹದಿನೈದು ದಿನದಿಂದ ಎದ್ದಿಲ್ಲ.

ಮೇ ೧೫, ಶುಕ್ರವಾರ

ಸಾಮಿಲ್ ಬಂದಿದ್ದ. ನದಿ ತಿರುಗಿಸಿದ್ದಕ್ಕೆ ಅಣೆಕಟ್ಟಿನ ಕೆಲಸದವರಿಗೆಲ್ಲ ಮೂರು ದಿನ ರಜೆ. ಅಜ್ಜಿಗಾಗಿ ಒಂದು ವ್ಯವಸ್ಥೆ ಮಾಡಿಕೊಂಡು ಬಂದಿದ್ದ. ಹಳೆಯ ದೇವಾಲಯಗಳ ಕಲ್ಲು ಬಿಚ್ಚಿ ಎತ್ತರಕ್ಕೆ ಸಾಗಿಸುವವರ ದೋಣಿ ಸೋಮವಾರ ನಮ್ಮೂರಿನ ಮುಂದೆಯೇ ಹೋಗುತ್ತದಂತೆ. ಅದರಲ್ಲಿ ಇಬ್ಬರಿಗೆ ಜಾಗ ಕೇಳಿದ್ದಾನೆ. ನೀರು ಗುಡ್ಡಕ್ಕೇರಲು ಇನ್ನೂ ಕೆಲವು ವಾರ ಬೇಕು. ಅಜ್ಜಿಯ ಆಸೆಯಂತೆ ಅಲ್ಲೇ ಕಣ್ಣು ಮುಚ್ಚಲಿ, ತಾತನ ಪಕ್ಕ ಮಲಗಿಸಿ ಬರೋಣ ಎಂದ.  ನಾನು ಆಣೆ ಮಾಡಿದವನು. ಆಗಲಿ, ನಾನು ಕರೆದುಕೊಂಡು ಹೋಗುತ್ತೇನೆ ಎಂದೆ. ಅಜ್ಜಿಯ ತಲೆಯ ಹತ್ತಿರ ಕೂತು ಎಲ್ಲವನ್ನೂ ಹೇಳಿದೆ. ಖುಷಿಪಡುತ್ತಾಳೆ ಎಂದುಕೊಂಡಿದ್ದೆ.

ಅಜ್ಜಿ ಕಣ್ಣು ಬಿಟ್ಟಳು.

"ಬ್ಯಾಡ ಮಗಾ. ಅಲ್ಲಿ ನಿಮ್ಮ ತಾತನ ಜೊತೆ ಊರೇ ಮಲಗೈತೆ. ಇಲ್ಲಿ ಆ ಕೂಸು ಒಂದೇ ಐತೆ. ನನ್ನ ಅದರ ಪಕ್ಕ ಮಲಗಿಸು."

ಸಾಮಿಲ್ ಎದ್ದು ಹೊರಗೆ ಹೋದ. ನಾನು ಅಜ್ಜಿಯ ಕೈ ಹಿಡಿದುಕೊಂಡೆ. ಈ ಮಣ್ಣು ಗುರುತು ಪರಿಚಯ ಇಲ್ಲದ್ದು ಎಂದಿದ್ದೆಯಲ್ಲ ಎಂದು ಕೇಳಿದೆ. ಈಗ ಒಬ್ಬಳ ಗುರುತು ಇದೆಯಲ್ಲ ಎಂದಳು. ನನಗೆ ತಡೆಯಲಾಗಲಿಲ್ಲ. ಎಲ್ಲ ನನ್ನಿಂದಲೇ ಆಯಿತು ಅಜ್ಜಿ, ನಾನೇ ಕೊಂದೆ ಎಂದೆ. ಮಾರ್ಚಿನಿಂದ ಗಂಟಲಲ್ಲಿದ್ದ ಮಾತು ಹೊರಬಿತ್ತು. ಅಜ್ಜಿ ನನ್ನ ತಲೆಯನ್ನು ಎಳೆದು ಎದೆಗೆ ಒತ್ತಿಕೊಂಡಳು.

ನಬ್ರಾ ಬಾಗಿಲಲ್ಲಿ ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಒಳಗೆ ಬಂದು ಅಜ್ಜಿಯ ಹೊದಿಕೆ ಸರಿಮಾಡಿದಳು. ಎರಡು ತಿಂಗಳ ಮೇಲೆ ನನ್ನ ಕಡೆ ತಿರುಗಿ ಮಾತನಾಡಿದಳು.

"ಎಡಗಡೆ ಅಜ್ಜಿಗಿರಲಿ. ಬಲಗಡೆ ನನಗೆ ಬಿಡಿ."

ಹೂಂ ಎಂದೆ.

ನಾಳೆ ಬೆಳಿಗ್ಗೆ ಅವಳ ಜೊತೆ ದಿಬ್ಬಕ್ಕೆ ಹೋಗಿ, ಮಿಸ್ಕಾಳ ಎರಡೂ ಪಕ್ಕ ಕಲ್ಲಿಟ್ಟು ಗುರುತು ಮಾಡಿ ಬರಬೇಕು, ಇಲ್ಲದಿದ್ದರೆ ಬೇರೆಯವರು ತೋಡಿಬಿಡುತ್ತಾರೆ. ಅಜ್ಜಿ ಎತ್ತರದ ಹೆಂಗಸು. ಎಡಗಡೆ ಒಂದು ಗೇಣು ಉದ್ದ ಹೆಚ್ಚು ಬಿಡಬೇಕು.